ಬಲಗಣ್ಣಿಗೆ ಬಂದ ಹಾರೈಕೆಗಳು

ಹೊಲಿಗೆ ಅಂಗಡಿಯ ಹಿಂದಿನ ಕೋಣೆ,
ಹನ್ನೊಂದನೇ ತಾರೀಕು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

('ಪ್ರೀತಿಯ' ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ. ಮೇಲೆ ಮಸಿ ಮೆತ್ತಿರುವುದು ಅದಕ್ಕೇ.)

ನೀವು ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಸುರಂಗದ ಒಳಗೆ ವೆಲ್ಡಿಂಗ್ ಹೊಗೆ ಹೊರಗೆ ಹೋಗುವುದೇ ಇಲ್ಲ, ನಮ್ಮ ಎದೆಯಲ್ಲೇ ಮನೆ ಮಾಡುತ್ತದೆ ಎಂದು ಹೋದ ಸಲ ರಜೆಗೆ ಬಂದಾಗ ಹೇಳಿದ್ದಿರಿ. ನಾನು ಹೊಲಿದು ಕೊಟ್ಟ ಮೂರು ಪದರದ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳುತ್ತೀರೋ ಅಥವಾ ಅದರಲ್ಲಿ ಬೂಟು ಒರೆಸುತ್ತೀರೋ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕಪ್ಪು ಗಾಜಿನ ಮುಖವಾಡ ಇಳಿಸದೆ ಒಂದು ಚುಕ್ಕೆ ಬೆಸುಗೆಯನ್ನೂ ಹಾಕಬೇಡಿ. ಕಣ್ಣಿನ ಬೆಲೆ ಏನೆಂದು ಈಗ ನನ್ನನ್ನು ಕೇಳಿ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಬರೆಯುವುದೆಲ್ಲ ಸಿಟ್ಟು. ನನ್ನ ಎಡಗಣ್ಣು ಬಂತೋ ಇಲ್ಲವೋ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ಉಳಿದದ್ದನ್ನು ಓದುವುದಿಲ್ಲ, ನನಗೆ ಗೊತ್ತು.

ಫೋನಿನಲ್ಲಿ ಹೇಳುವುದನ್ನು ಬಿಟ್ಟು ಕಾಗದ ಯಾಕೆ ಎಂದು ನೀವು ಹುಬ್ಬೇರಿಸಬಹುದು. ನಾನು ಫೋನಿನಲ್ಲಿ ಹೇಳಿದ್ದು ಏನಾಗುತ್ತದೆ ಎಂದು ನೋಡಿಯಾಯಿತಲ್ಲ. ಕಾಗದವನ್ನಾದರೆ ಒಬ್ಬರೇ ಓದಬೇಕು, ಹೆಬ್ಬೆರಳಲ್ಲಿ ಒತ್ತಿ ಊರಿಗೆಲ್ಲ ಹಂಚಲು ಆಗುವುದಿಲ್ಲ. ನಿಮ್ಮ ಕಂಪನಿಯ ಸಾಮಾನು ಲಾರಿ ಇವತ್ತು ಸಂಜೆ ಇಲ್ಲಿಂದ ಹೊರಡುತ್ತದೆ. ಡ್ರೈವರ್ ಅಣ್ಣ ಪ್ಯಾಂಟಿಗೆ ಜಿಪ್ಪು ಹಾಕಿಸಿಕೊಳ್ಳಲು ಬಂದಿದ್ದರು, ಅವರ ಕೈಯಲ್ಲೇ ಕಳಿಸುತ್ತೇನೆ ಎಂದು ಕೂರಿಸಿದ್ದೇನೆ. ಒಂದೇ ಕಣ್ಣಲ್ಲಿ ಬರೆಯುತ್ತಿರುವುದರಿಂದ ಸಾಲುಗಳು ಇಳಿಜಾರು ಹಿಡಿದಿವೆ. ಸೊಟ್ಟ ಹೊಲಿಗೆ ಹಾಕಿದವಳಲ್ಲ ನಾನು, ಸೊಟ್ಟ ಅಕ್ಷರವನ್ನು ಈ ಸಲ ಸಹಿಸಿಕೊಳ್ಳಿ.

ಮುಖ ಕೆಳಗೆ ಹಾಕಿಕೊಂಡು ಎರಡು ವಾರ ಮಲಗುವುದು ಎಂದರೆ ಏನು ಎಂದು ನಿಮಗೆ ಗೊತ್ತಿಲ್ಲ, ಯಾಕೆಂದರೆ ನೀವು ಕೇಳಲಿಲ್ಲ. ಕಣ್ಣಿನ ಹಿಂಬದಿಯ ಪರದೆ ಬಿಟ್ಟುಕೊಂಡಿತ್ತಲ್ಲ, ಕೋಟಿನ ಒಳಗಿನ ಅಸ್ತರು ಬಿಟ್ಟುಕೊಳ್ಳುವ ಹಾಗೆ, ಅದನ್ನು ಅಂಟಿಸಿ ಕಣ್ಣೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ತುಂಬಿದರು. ಆ ಗುಳ್ಳೆ ಮೇಲಕ್ಕೆ ಏರಿ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ನನ್ನ ಮುಖ ಸದಾ ನೆಲ ನೋಡುತ್ತಿರಬೇಕು. ಮಲಗಿದರೂ ಬೋರಲು, ಕೂತರೂ ಮೇಜಿನ ಮೇಲೆ ಹಣೆ. ಓದುವಂತಿಲ್ಲ, ಫೋನು ನೋಡುವಂತಿಲ್ಲ. ನಿಮ್ಮ ತಂಗಿ ನನ್ನನ್ನು ನೋಡಿಕೊಳ್ಳಲು ಬಂದವಳು ಮೊದಲ ದಿನವೇ ನನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆ ಎರಡು ವಾರ ನಾನು ಕಂಡ ಲೋಕವೆಂದರೆ ನೆಲದ ಹಾಸು, ಅದರ ಮೇಲೆ ಓಡಾಡುವ ಕಾಲುಗಳು, ಅಷ್ಟೇ. ಬಂದವರು ಯಾರೆಂದು ಚಪ್ಪಲಿ ನೋಡಿ ಹೇಳುತ್ತಿದ್ದೆ. ಪಕ್ಕದ ಬೇಕರಿಯವರ ಕಾಲಿನ ಮೇಲೆ ಸದಾ ಹಿಟ್ಟು. ಬ್ಯಾಂಕಿನ ಮೇಡಮ್ಮಿನ ಹಿಮ್ಮಡಿ ಎತ್ತರದ್ದು, ಬರುವುದು ಬಾಗಿಲಲ್ಲೇ ತಿಳಿಯುತ್ತದೆ. ಪ್ರತಿ ಕಾಲೂ ಬಂದಾಗ ಇದು ನಿಮ್ಮದಿರಬಹುದೇ ಎಂದು ನೋಡುತ್ತಿದ್ದೆ. ನಿಮ್ಮ ಬಲಗಾಲಿನ ಎರಡನೇ ಬೆರಳಿನ ಮೇಲೆ ಬೆಸುಗೆಯ ಕಿಡಿ ಬಿದ್ದ ಕಲೆಯಿದೆ, ಹುರಿಗಡಲೆಯಷ್ಟು. ಅದು ಕಂಡರೆ ಸಾಕು, ತಲೆ ಎತ್ತುವುದೇ ಬೇಡ ಎಂದುಕೊಂಡಿದ್ದೆ.

ರಜೆ ಸಿಗಲಿಲ್ಲ ಎಂಬುದಕ್ಕೆ ನನಗೆ ಸಿಟ್ಟಿಲ್ಲ. ಸುರಂಗದ ಎರಡು ಬಾಯಿಗಳೂ ಕೂಡುವ ತಿಂಗಳು, ಯಾರನ್ನೂ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದಿರಿ. ಆಪರೇಶನ್‌ಗೆ ಮುಂಚಿನ ಸಂಜೆ ನಾನೇ ಫೋನು ಮಾಡಿದಾಗಲೂ ಸಮಾಧಾನವಾಗಿಯೇ ಮಾತಾಡಿದೆ. "ಎಡಗಣ್ಣು ರೀ, ಎಡಗಣ್ಣಿಗೆ ಆಪರೇಶನ್ನು" ಎಂದು ಎರಡು ಸಲ ಹೇಳಿದೆ. ನೀವು "ಹ್ಞೂಂ, ಹ್ಞೂಂ, ಧೈರ್ಯವಾಗಿರು, ಇಲ್ಲಿ ಸಿಗ್ನಲ್ ಹೋಗ್ತಾ ಬರ್ತಾ ಇದೆ" ಎಂದಿರಿ. ಅದಾದ ಮೇಲೆ ನಿಮ್ಮ ಸ್ವರ ನನ್ನ ಕಿವಿಗೆ ಬಿದ್ದಿಲ್ಲ. ನಿಮ್ಮ ತಂಗಿಯನ್ನು ಕೇಳಿದಾಗಲೆಲ್ಲ "ಸುರಂಗದೊಳಗೆ ಸಿಗ್ನಲ್ ಎಲ್ಲಿ ಅತ್ತಿಗೆ?" ಎಂದು ಒಂದೇ ಉತ್ತರ. ನಾನು ನಂಬಿದೆ. ಗುಡ್ಡದ ಹೊಟ್ಟೆಯೊಳಗಿರುವ ಮನುಷ್ಯ, ಪಾಪ, ಎಲ್ಲಿಂದ ಮಾತಾಡಿಯಾರು ಎಂದು ನಿಮ್ಮ ಪರವಾಗಿ ಬೇಕರಿಯವರ ಹತ್ತಿರ ವಾದವನ್ನೂ ಮಾಡಿದೆ. ಅವರ ಹಿಟ್ಟಿನ ಕಾಲುಗಳು ಒಂದು ಗಳಿಗೆ ಅಲ್ಲಾಡದೆ ನಿಂತವು, ಆಮೇಲೆ ಸದ್ದಿಲ್ಲದೆ ಹೊರಟುಹೋದವು. ಯಾಕೆಂದು ಆಗ ತಿಳಿಯಲಿಲ್ಲ.

ಕಳೆದ ಶುಕ್ರವಾರ ತಲೆ ಎತ್ತಲು ಅಪ್ಪಣೆಯಾಯಿತು. ಶನಿವಾರ ನಿಮ್ಮ ತಂಗಿ ಬೀರುವಿನ ಬೀಗ ತೆಗೆದು ಫೋನನ್ನು ನನ್ನ ಕೈಗಿಟ್ಟು ತನ್ನ ಮನೆಗೆ ಹೋದಳು. ನೋಡಿದರೆ ಲೋಕ ನನ್ನನ್ನು ಬಿಟ್ಟು ಎಷ್ಟು ಮುಂದೆ ಓಡಿದೆ! ಫೋನಿನಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಹಾಗಾಗಿ ಎಲ್ಲವನ್ನೂ ಕೊನೆಯಿಂದ ಮೊದಲಿಗೆ ಓದಬೇಕಾಯಿತು. ನಮ್ಮ ಕಟ್ಟಡದ ಗುಂಪಿನಲ್ಲಿ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ಮೊದಲು ರಾಜಿಯಾದರು, ಆಮೇಲೆ ಒಬ್ಬರನ್ನೊಬ್ಬರು ನಾಯಿ ನರಿ ಎಂದು ಬೈದರು, ಕೊನೆಯಲ್ಲಿ ನೋಡಿದರೆ ಜಗಳ ಒಂದು ಸ್ಕೂಟರ್ ನಿಲ್ಲಿಸಿದ್ದಕ್ಕೆ. ಯಾವಳೋ ನಟಿ ಯಾರನ್ನೋ ಕ್ಷಮಿಸಿದ್ದಳು, ಯಾಕೆ ಎಂದು ಹುಡುಕಿಕೊಂಡು ಕೆಳಗಿಳಿದರೆ ಆಕೆ ಅವನನ್ನು ಮದುವೆಯಾಗುತ್ತಿದ್ದಳು. ಮೊಟ್ಟೆ ತಿಂದರೆ ಕಣ್ಣಿಗೆ ಒಳ್ಳೆಯದು ಎಂದು ಒಬ್ಬ ಡಾಕ್ಟರು, ತಿಂದರೆ ಗೋವಿಂದಾ ಎಂದು ಇನ್ನೊಬ್ಬ ಡಾಕ್ಟರು, ಇಬ್ಬರಿಗೂ ಅದೇ ಬಿಳಿ ಕೋಟು. ಎಲ್ಲೋ ದೂರದಲ್ಲಿ ಒಂದು ಯುದ್ಧ ಶುರುವಾಗಿ ಅದರ ಮೇಲೆ ನಮ್ಮ ನೆಂಟರೆಲ್ಲ ಪರಿಣತರಾಗಿ, ಬೇಜಾರಾಗಿ, ಮತ್ತೆ ಶುಭೋದಯಕ್ಕೆ ಮರಳಿದ್ದರು. ನಾನಿಲ್ಲದೆ ಯಾವುದೂ ನಿಂತಿಲ್ಲ ಎಂದು ನಗು ಬಂತು. ನಗುತ್ತಲೇ ಬೆರಳಾಡಿಸಿದೆ, ನಿಮ್ಮ ಪುಟ ಬಂತು.

ಬೆಸುಗೆಯ ಕಿಡಿಗಳ ಫೋಟೊ ಹಾಕುತ್ತಿದ್ದ ಪುಟ ಅದು. ಮೊದಲೆಲ್ಲ ಅದನ್ನು ಮೆಚ್ಚುತ್ತಿದ್ದವರು ಬೆರಳೆಣಿಕೆಯ ಜನ, ಅವರಲ್ಲಿ ನಾನೂ ಒಬ್ಬಳು. ಈಗ ಅಲ್ಲಿ ಕಿಡಿ ಇಲ್ಲ, ನಾನಿದ್ದೇನೆ! ಎಲ್ಲಕ್ಕಿಂತ ಮೇಲೆ, "ಗೆದ್ದಳು ನನ್ನವಳು! ಎಲ್ಲರ ಹಾರೈಕೆಯಿಂದ ಕಣ್ಣು ಪೂರ್ತಿ ಗುಣವಾಗಿದೆ. ಬೆಳಕು ಮರಳಿ ಬಂದಿದೆ" ಎಂದು ಬರೆದಿದ್ದೀರಿ. ತಾರೀಕು ನೋಡಿದೆ. ಆ ದಿನ ನಾನು ಮೇಜಿನ ಮೇಲೆ ಹಣೆಯಿಟ್ಟುಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿಸಿಕೊಂಡು ಕೂತಿದ್ದೆ. ಪಟ್ಟಿ ಬಿಚ್ಚುವ ಮುಂಚೆಯೇ ನೀವು ಬೆಳಕು ತರಿಸಿಬಿಟ್ಟಿದ್ದೀರಿ. ಅದರ ಕೆಳಗಿನದರಲ್ಲಿ "ಇವತ್ತು ಅವಳು ನಕ್ಕಳು". ನಾನು ಯಾವ ದಿನ ನಕ್ಕೆ, ಯಾರಿಗೆ ನಕ್ಕೆ, ನೆಲಕ್ಕೇ? ಕೆಳಗೆ ಹೋದ ಹಾಗೆ ದಿನಕ್ಕೊಂದು. ಜನ ಕೇಳಿದ್ದಕ್ಕೆಲ್ಲ ನಿಮ್ಮ ಉತ್ತರ. "ಥ್ಯಾಂಕ್ಸ್ ಬ್ರದರ್." "ಖಂಡಿತ ಹೇಳ್ತೀನಿ ಸಿಸ್ಟರ್." ಯಾವುದೋ ದೇಶದ ಯಾವುದೋ ಬ್ರದರಿಗೆ ತಲುಪಿದ ಸಿಗ್ನಲ್ಲು ಇಲ್ಲಿ ಈ ಕೋಣೆಗೆ ಬರಲು ಮಾತ್ರ ಸುರಂಗ ಅಡ್ಡ ಬಂತೇ? ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ನಿಮ್ಮನ್ನು ನೋಡದೆಯೇ ಹೇಳಿದ್ದಾರೆ.

ಆದರೂ ಅಷ್ಟಕ್ಕೆ ನಾನು ಕಾಗದ ಬರೆಯುತ್ತಿರಲಿಲ್ಲ. ಗಂಡಸರು ಹೆದರಿದಾಗ ಊರೆಲ್ಲ ಮಾತಾಡುತ್ತಾರೆ, ಮನೆಯಲ್ಲಿ ಮೌನ. ಅಷ್ಟು ನನಗೂ ಗೊತ್ತು. ನನ್ನಮ್ಮ ಆಸ್ಪತ್ರೆಯಲ್ಲಿದ್ದಾಗ ನೀವು ವಾರ್ಡಿನ ಒಳಗೆ ಬರಲೇ ಇಲ್ಲ, ಕೆಳಗೆ ಬೈಕಿನ ಪಕ್ಕ ನಿಂತು ಕಾವಲುಗಾರನಿಗೆ ಅವರ ಕಾಯಿಲೆಯ ಕಥೆಯನ್ನೆಲ್ಲ ಹೇಳಿದ್ದಿರಿ. ನನ್ನ ಮೈ ಉರಿದದ್ದು ಎಲ್ಲಕ್ಕಿಂತ ಕೆಳಗಿದ್ದ, ಮೊಟ್ಟಮೊದಲನೆಯ ಬರಹಕ್ಕೆ. "ನನ್ನ ಬಾಳಸಂಗಾತಿಯ ಬಲಗಣ್ಣಿಗೆ ದೊಡ್ಡ ಆಪರೇಶನ್ ಆಗಿದೆ. ಆ ಬಲಗಣ್ಣಿಗಾಗಿ ನಿಮ್ಮೆಲ್ಲರ ಹಾರೈಕೆ ಬೇಡುತ್ತೇನೆ."

ಬಲಗಣ್ಣು!

ತಪ್ಪು ಓದಿದೆನೇನೋ ಎಂದು ಫೋನನ್ನು ಮೂಗಿನ ಹತ್ತಿರ ತಂದು ಮತ್ತೆ ಓದಿದೆ. ಕೆಳಗೆ ನಾನೂರು ಚಿಲ್ಲರೆ ಜನ ಕೈ ಮುಗಿದಿದ್ದಾರೆ. "ಬಲಗಣ್ಣು ಬೇಗ ಗುಣವಾಗಲಿ", "ಆ ಬಲಗಣ್ಣಿನಲ್ಲಿ ಮತ್ತೆ ದೀಪ ಬೆಳಗಲಿ". ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಅವರನ್ನು ಬೈದು ಏನು ಫಲ? ಜೊತೆಗಿದ್ದ ಫೋಟೊ ನೋಡಿದ ಮೇಲೆ ತಪ್ಪು ಹುಟ್ಟಿದ್ದು ಎಲ್ಲಿ ಎಂದು ತಿಳಿಯಿತು. ಕಣ್ಣಿಗೆ ಔಷಧಿ ಹಾಕಲು ನಾನು ತಲೆ ಎತ್ತಿದ ಒಂದು ಗಳಿಗೆಯಲ್ಲಿ ನಿಮ್ಮ ತಂಗಿ ಕೆನ್ನೆಗೆ ಕೆನ್ನೆ ತಾಗಿಸಿ ಸೆಲ್ಫಿ ತೆಗೆದಿದ್ದಳು. ಅವಳ ಫೋನಿನ ಸೆಲ್ಫಿ ಕನ್ನಡಿಯ ಹಾಗೆ, ಎಡ ಬಲ ಅದಲುಬದಲು. ಪಟ್ಟಿ ಬಲಗಣ್ಣಿನ ಮೇಲೆ ಕೂತಿದೆ. ಹಿಂದೆ ಗೋಡೆಯ ಕ್ಯಾಲೆಂಡರಿನ ಅಂಕಿಗಳೆಲ್ಲ ತಿರುಗಿಕೊಂಡು ನಿಂತಿವೆ. ನನ್ನ ಕೆಲಸದ ಅಂಗಿಯ ಜೇಬು, ನೀವೇ ನನಗೆ ಕತ್ತರಿ ತಂದುಕೊಟ್ಟ ವರ್ಷ ನಾನು ಎದೆಯ ಎಡಕ್ಕೆ ಹೊಲಿದುಕೊಂಡ ಜೇಬು, ಬಲಕ್ಕೆ ಹೋಗಿದೆ. ಅಷ್ಟು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ, ಇರಲಿ, ಅವರಿಗೆ ನಾನು ಯಾರು? ನಿಮಗೆ? ಆಪರೇಶನ್ನಿನ ಹಿಂದಿನ ಸಂಜೆ ಎರಡು ಸಲ ಎಡಗಣ್ಣು ಎಂದು ಹೇಳಿದ ಹೆಂಡತಿಯ ಮಾತಿಗಿಂತ ನಿಮಗೆ ಫೋಟೊ ಹೆಚ್ಚಾಯಿತು. ನನಗೆ ನಿಮ್ಮ ಯಾವ ಕಾಲಿನ ಯಾವ ಬೆರಳಿಗೆ ಕಿಡಿ ಬಿದ್ದಿತು ಎಂದು ಗೊತ್ತು. ನಿಮಗೆ ನಿಮ್ಮ ಹೆಂಡತಿಯ ಯಾವ ಕಣ್ಣು ಹೋಗುತ್ತಿದೆ ಎಂದು ಗೊತ್ತಿಲ್ಲ. ಬಹುವಚನದಲ್ಲಿ ಬೈಯುವುದು ಎಷ್ಟು ಕಷ್ಟ ಎಂದು ಗಂಡಸರಿಗೆ ಯಾವತ್ತೂ ಅರ್ಥವಾಗುವುದಿಲ್ಲ.

ನನ್ನ ಬಲಗಣ್ಣಿಗೆ ಮೊದಲಿನಿಂದಲೂ ಏನೂ ಆಗಿಲ್ಲ. ಈಗಂತೂ ಅಷ್ಟೊಂದು ಹಾರೈಕೆ ತಿಂದು ಅದು ಕೊಬ್ಬಿ ಕೂತಿದೆ, ಎದುರು ಬೀದಿಯ ಗೋಡೆಯ ಮೇಲಿನ ಇರುವೆಯನ್ನೂ ಕಾಣುತ್ತದೆ.

ಭಾನುವಾರ ನಿಮ್ಮ ತಂಗಿಗೆ ಫೋನು ಮಾಡಿ ಜಾಡಿಸಿದೆ. ಅತ್ತುಬಿಟ್ಟಳು. "ಅಣ್ಣ ದಿನಾ ಸಂಜೆ ಫೋನ್ ಮಾಡ್ತಿದ್ದ ಅತ್ತಿಗೆ. ಹೇಗಿದಾಳೆ, ಏನ್ ತಿಂದ್ಲು ಅಂತ ಎಲ್ಲ ಕೇಳ್ತಿದ್ದ. ನೀನೇ ಮಾತಾಡು ಅಂದ್ರೆ, ಬೇಡ, ನಂಗಾಗಲ್ಲ, ಫೋಟೊ ಕಳ್ಸು ಸಾಕು ಅಂತಿದ್ದ. ಸಿಗ್ನಲ್ ಇಲ್ಲ ಅಂತ ಹೇಳು ಅಂದಿದ್ದೂ ಅವನೇ" ಎಂದಳು. ಅಂದರೆ ದಿನಾ ಸಂಜೆ ಕೋಣೆಯ ಬಾಗಿಲ ಕೆಳಗೆ ಅವಳ ಕೆಂಪು ಚಪ್ಪಲಿ ಅತ್ತಿಂದಿತ್ತ ಓಡಾಡುತ್ತಿದ್ದದ್ದು, ಪಿಸುಪಿಸು ಎನ್ನುತ್ತಿದ್ದದ್ದು ನಿಮ್ಮ ಜೊತೆಗೆ. ಹೊಸದಾಗಿ ಮದುವೆಯಾದವಳು, ಗಂಡನ ಹತ್ತಿರ ಮಾತಾಡುತ್ತಿದ್ದಾಳೆ, ಕೇಳಿಸಿಕೊಳ್ಳಬಾರದು ಎಂದು ನಾನು ದಿಂಬಿಗೆ ಕಿವಿ ಒತ್ತಿಕೊಳ್ಳುತ್ತಿದ್ದೆ. ನಮ್ಮಿಬ್ಬರ ನಡುವೆ ಒಂದು ಬಾಗಿಲಿನಷ್ಟೇ ದೂರವಿತ್ತು. ನೀವು ಆ ಬಾಗಿಲಾಚೆಯೇ ನಿಂತಿರಿ. ನಿಮ್ಮ ತಂಗಿಯನ್ನು ನಾನು ಹೆಚ್ಚು ಬೈಯಲಿಲ್ಲ. ಎರಡು ವಾರ ನನ್ನ ತಲೆ ಬಾಚಿ, ಬಾಯಿಗೆ ತುತ್ತು ಕೊಟ್ಟವಳು ಅವಳು. ಅಣ್ಣ ಹೇಳಿದ ಸುಳ್ಳನ್ನು ಅಣ್ಣನಿಗಿಂತ ಚೆನ್ನಾಗಿ ನಿಭಾಯಿಸಿದಳು, ಅಷ್ಟೇ.

ಇನ್ನೊಂದು ಮಾತು, ಇದನ್ನು ಬರೆಯಲು ನಾಚಿಕೆಯೂ ಆಗುತ್ತದೆ, ಕೋಪವೂ ಬರುತ್ತದೆ. ಆ ಬರಹಗಳಲ್ಲಿ ಒಂದನ್ನು ನಾನು ಮತ್ತೆ ಮತ್ತೆ ಓದಿದೆ. "ಅವಳು ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತಾಳೆ. ಅದನ್ನು ನೋಡುತ್ತ ನಾನೂ ಉಸಿರು ಹಿಡಿಯುತ್ತೇನೆ. ಅವಳಿಗೆ ಗೊತ್ತಿಲ್ಲ" ಎಂದು ಬರೆದಿದ್ದೀರಲ್ಲ, ಅದು. ಹೌದು, ನನಗೆ ಗೊತ್ತಿರಲಿಲ್ಲ! ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದೇವೆ. ಮಕ್ಕಳು ಮರಿ ಇಲ್ಲದ ಮನೆ, ನನಗೆ ನೀವು, ನಿಮಗೆ ನಾನು. "ಉಪ್ಪು ಜಾಸ್ತಿ ಆಯ್ತು", "ಟವೆಲ್ ಎಲ್ಲಿ" ಎಂಬುದನ್ನು ಬಿಟ್ಟು ಇಂಥ ಒಂದು ಮಾತನ್ನು ನನ್ನ ಮುಖ ನೋಡಿ ಆಡಿದ್ದೀರಾ? ಗುರುತು ಪರಿಚಯವಿಲ್ಲದವರು ಅದನ್ನು ಓದಿ ಕಣ್ಣೀರಿಟ್ಟಿದ್ದಾರೆ. ನನಗೆ ಅಳು ಬಂತು ಎಂದು ಹೇಳುವುದಿಲ್ಲ, ಡಾಕ್ಟರು ಅಳಬೇಡಿ ಎಂದಿದ್ದಾರೆ. ನನ್ನ ಪಾಲಿನ ಮಾತನ್ನು ಊರವರಿಗೆಲ್ಲ ಬಡಿಸಿ, ಎಲ್ಲರ ಊಟವಾದ ಮೇಲೆ ನನಗೆ ಪಾತ್ರೆ ತೋರಿಸಿದ ಹಾಗಾಯಿತು.

ನಿಮ್ಮ ಬರಹದಿಂದ ಇಲ್ಲಿ ಏನಾಗಿದೆ ಎಂದೂ ಕೇಳಿ. ಕಣ್ಣು ಪೂರ್ತಿ ಗುಣವಾಯಿತು ಎಂದು ಓದಿದವರೆಲ್ಲ ಬಟ್ಟೆ ಹೊತ್ತು ತಂದಿದ್ದಾರೆ. ಕತ್ತರಿಸುವ ಮೇಜಿನ ಮೇಲೆ ನನ್ನ ಎದೆಯೆತ್ತರಕ್ಕೆ ರಾಶಿ. ಬ್ಯಾಂಕಿನ ಮೇಡಮ್ಮು ಅರ್ಧ ಬಿಚ್ಚಿಟ್ಟ ತಮ್ಮ ಕೋಟು ಯಾವಾಗ ಎಂದು ಹಿಮ್ಮಡಿ ಕುಟ್ಟುತ್ತಾರೆ. ಆಗಲ್ಲ ಎಂದರೆ "ಯಾಕ್ರೀ, ಬೆಳಕು ಬಂತಲ್ಲ?" ಎನ್ನುತ್ತಾರೆ. ಬೇಕರಿಯವರು ಮಾತ್ರ ತಲೆ ತಗ್ಗಿಸಿ "ನಿಮ್ಮ ಯಜಮಾನ್ರು ದಿನಾ ಬರೀತಿದ್ರು, ನಿಮ್ಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಾಗಿ ಹೇಳಕ್ಕೆ ಬಾಯಿ ಬರ್ಲಿಲ್ಲ ಕಣಮ್ಮಾ" ಎಂದರು. ಅವತ್ತು ಅವರ ಕಾಲು ಯಾಕೆ ನಿಂತಿತು ಎಂದು ಆಗ ತಿಳಿಯಿತು. ಇಡೀ ಬೀದಿಗೆ ಗೊತ್ತಿದ್ದ ನನ್ನ ಗಂಡನ ಸುದ್ದಿ, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅವಮಾನ ಎಂದರೆ ಇದಕ್ಕಿಂತ ಬೇರೆ ಏನು?

ಆ ಬರಹಗಳನ್ನು ಅಳಿಸಿ ಎಂದು ನಾನು ಹೇಳುವುದಿಲ್ಲ. ಅಳಿಸಿದರೆ ಅದೂ ಒಂದು ಸುದ್ದಿಯಾಗುತ್ತದೆ. ಕ್ಷಮೆ ಕೇಳಿ ಇನ್ನೊಂದನ್ನು ಬರೆದೀರಿ ಜೋಕೆ, ಅದಕ್ಕೆ ಇನ್ನೂ ನಾನೂರು ಜನ ಕೈ ಮುಗಿಯುತ್ತಾರೆ. ಈ ಕಾಗದದ ಫೋಟೊ ಏನಾದರೂ ನಿಮ್ಮ ಪುಟದಲ್ಲಿ ಕಂಡರೆ, ರಜೆಗೆ ಬಂದಾಗ ಬಾಗಿಲು ತೆಗೆಯುವುದು ನಾನಲ್ಲ, ನಿಮ್ಮ ಬ್ರದರುಗಳು ತೆಗೆಯಲಿ.

ನಿಮ್ಮ ಕೋಣೆಯ ಜೊತೆಗಾರ ಅಜ್ಜನಿಗೆ ನನ್ನ ನಮಸ್ಕಾರ ಹೇಳಿ, ಅವರ ಮೊಣಕಾಲಿನ ಪಟ್ಟಿ ಸಡಿಲವಾಗಿದ್ದರೆ ಲಾರಿಯಲ್ಲಿ ಕಳಿಸಲಿ, ಬಿಗಿ ಮಾಡಿಕೊಡುತ್ತೇನೆ. ಇಷ್ಟು ಬೈದ ಮೇಲೂ ನೀವು ಸುಖವಾಗಿರಲಿ ಎಂದೇ ಮನಸ್ಸು ಹೇಳುತ್ತದೆ, ಹಾಳು ಮನಸ್ಸು. ಗುಡ್ಡ ನಿಮ್ಮ ತಲೆಯ ಮೇಲೆ ಗಟ್ಟಿಯಾಗಿ ನಿಂತಿರಲಿ.

ಇಂತಿ,
ಪುಟದಲ್ಲಿರುವವಳಲ್ಲ, ಮನೆಯಲ್ಲಿರುವ ನಿಮ್ಮವಳು

ತಾ.ಕ.: ಡ್ರೈವರ್ ಅಣ್ಣ ಹಾರನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಕಣ್ಣು ಬಂದಿಲ್ಲ. ನಿನ್ನೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ತೋರಿಸಿಕೊಂಡು ಬಂದೆ. ಪರದೆ ಕೆಳಗಡೆಯಿಂದ ಮತ್ತೆ ಬಿಟ್ಟುಕೊಂಡಿದೆಯಂತೆ. ಬರುವ ಸೋಮವಾರ ಬೆಳಿಗ್ಗೆ ಇನ್ನೊಂದು ಆಪರೇಶನ್, ಈ ಸಲ ಗ್ಯಾಸಿನ ಬದಲು ಒಂದು ಥರದ ಎಣ್ಣೆ ತುಂಬುತ್ತಾರೆ. ಇದೂ ನಿಲ್ಲದಿದ್ದರೆ ಆ ಕಣ್ಣಿನ ಆಸೆ ಬಿಡಬೇಕು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ನನಗೆ ತುಂಬಾ ಭಯವಾಗಿದೆ. ಇದನ್ನು ನಿಮ್ಮ ತಂಗಿಗೂ ಹೇಳಿಲ್ಲ, ಬೇಕರಿಯವರಿಗೂ ಹೇಳಿಲ್ಲ, ಲೋಕದಲ್ಲಿ ನಿಮಗೊಬ್ಬರಿಗೇ ಹೇಳಿರುವುದು. ಮತ್ತೆ ಬೋರಲು ಮಲಗಬೇಕು. ಮಾತಾಡಲು ಆಗದಿದ್ದರೆ ಬೇಡ, ಏನೂ ಹೇಳಬೇಡಿ, ಬಂದು ನೆಲದ ಮೇಲೆ ನನಗೆ ಕಾಣುವ ಹಾಗೆ ಕಾಲು ಚಾಚಿಕೊಂಡು ಕೂತರೆ ಸಾಕು. ಯಾವ ಕಣ್ಣು ಎಂದು ಮತ್ತೆ ಗೊಂದಲವಾದರೆ, ನನ್ನ ಎದುರಿಗೆ ಬಂದು ನಿಂತಾಗ ನಿಮ್ಮ ಬಲಗೈ ಕಡೆಗೆ ಇರುವುದು.